ಹೇಬಿಯಸ್ ಕಾರ್ಪಸ್ ಅರ್ಜಿ: ಪೆನ್ನಿಗಿಂತ ಮೊದಲು ಕ್ಯಾಲೆಂಡರ್

ನಮ್ಮಲ್ಲಿ ಹೇಬಿಯಸ್ ಕಾರ್ಪಸ್ ಎಂದರೆ ಕಾಣೆಯಾದ ಮಗನನ್ನೋ ಮಗಳನ್ನೋ ಹುಡುಕಿಸಲು ಹೈಕೋರ್ಟ್‌ಗೆ ಹಾಕುವ ಅರ್ಜಿ, ಅಲ್ವಾ? ಅಮೆರಿಕದಲ್ಲಿ ರಾಜ್ಯದ ಕೋರ್ಟ್ ಶಿಕ್ಷೆ ಕೊಟ್ಟ ಕೈದಿಯೂ ಇದೇ ಹೆಸರಿನ ಅರ್ಜಿ ಹಿಡಿದು ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಜಿಲ್ಲಾ ಕೋರ್ಟ್‌ಗೆ ಹೋಗಬಹುದು. 'ನನ್ನನ್ನು ಒಳಗಿಟ್ಟಿರುವುದು ದೇಶದ ಸಂವಿಧಾನಕ್ಕೆ ವಿರುದ್ಧ' ಎಂಬುದು ಅವನ ವಾದ. ಮರಣದಂಡನೆ ಕೇಸ್ ಬಿಟ್ಟರೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿಲ್ಲ. ಹಾಗಾಗಿ ಕೈದಿಯೇ ಬರೆಯುತ್ತಾನೆ, ಮನೆಯವರು ಕಾಗದಪತ್ರ ಹೊಂದಿಸುತ್ತಾರೆ. ಎಡವುವುದು ತಾರೀಖಿನಲ್ಲಿ.

ಮೊದಲು ಗಡುವು ಲೆಕ್ಕ ಹಾಕಿ. 1996ರ ಕಾನೂನಿನ ಪ್ರಕಾರ ಇರುವುದು 1 ವರ್ಷ. ಸಾಮಾನ್ಯವಾಗಿ ಮೇಲ್ಮನವಿ ಪೂರ್ತಿ ಮುಗಿದ ದಿನದಿಂದ ಎಣಿಕೆ. ರಾಜ್ಯದ ಅತ್ಯುನ್ನತ ಕೋರ್ಟ್ 2023ರ ಜನವರಿ 10ರಂದು ಮೇಲ್ಮನವಿ ವಜಾ ಮಾಡಿತು ಅನ್ನಿ. ಅಮೆರಿಕದ ಸುಪ್ರೀಂ ಕೋರ್ಟ್‌ಗೆ ಹೋಗಲು ಇರುವ 90 ದಿನ ಏಪ್ರಿಲ್ 10ಕ್ಕೆ ಮುಗಿಯುತ್ತದೆ. ಅಲ್ಲಿಗೆ ಹೋಗದಿದ್ದರೆ 2024ರ ಏಪ್ರಿಲ್ 10 ಕೊನೆಯ ದಿನ.

ಈ ನಡುವೆ ಶಿಕ್ಷೆ ಮರುಪರಿಶೀಲಿಸಿ ಎಂದು ರಾಜ್ಯದ ಕೋರ್ಟ್‌ನಲ್ಲಿ ಸರಿಯಾಗಿ ಅರ್ಜಿ ಹಾಕಿದರೆ, ಅದು ಇತ್ಯರ್ಥವಾಗುವವರೆಗೆ ಗಡಿಯಾರ ನಿಲ್ಲುತ್ತದೆ. ನಿಲ್ಲುತ್ತದೆ ಅಷ್ಟೇ, ಮತ್ತೆ ಸೊನ್ನೆಗೆ ಬರುವುದಿಲ್ಲ. 10 ತಿಂಗಳು ಕಳೆದ ಮೇಲೆ ಹಾಕಿದ್ದರೆ ಉಳಿದಿರುವುದು 2 ತಿಂಗಳು. ಈ ಅರ್ಜಿ ಇತ್ಯರ್ಥವಾದ ಮೇಲೆ, ಸುಪ್ರೀಂ ಕೋರ್ಟ್‌ಗೆ ಹೋಗಲೆಂದು ಮೊದಲು ಸಿಕ್ಕಿದ್ದ 90 ದಿನದ ರಿಯಾಯಿತಿಯೂ ಇಲ್ಲ. ವರ್ಷ ಮುಗಿದ ಮೇಲೆ ಹಾಕಿದರೆ ನಿಲ್ಲಿಸಲು ಗಡಿಯಾರವೇ ಇರುವುದಿಲ್ಲ. ಎಲ್ಲ ತಾರೀಖುಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ. ಬಾಯಿಲೆಕ್ಕ ಬೇಡವೇ ಬೇಡ.

ಎರಡನೆಯದು, ಪ್ರತಿ ಆಕ್ಷೇಪವನ್ನೂ ಮೊದಲು ರಾಜ್ಯದ ಅತ್ಯುನ್ನತ ಕೋರ್ಟ್‌ವರೆಗೆ ಒಯ್ದಿರಬೇಕು. ಸುಮ್ನೆ 'ಅನ್ಯಾಯವಾಯಿತು' ಎಂದಿದ್ದರೆ ಸಾಲದು, ಫೆಡರಲ್ ಸಂವಿಧಾನದ ಹಕ್ಕು ಎಂದೇ ಹೇಳಿರಬೇಕು. ಹಾಗೆ ಒಯ್ಯದ ಒಂದು ಆಕ್ಷೇಪ ಸೇರಿಸಿದರೂ ಇಡೀ ಅರ್ಜಿ ವಾಪಸ್ ಬರಬಹುದು. ಫೆಡರಲ್ ಅರ್ಜಿ ಅಲ್ಲಿ ಕೂತಿದ್ದಷ್ಟು ದಿನ ಗಡಿಯಾರ ನಿಂತಿರುವುದಿಲ್ಲ ಬೇರೆ!

ಫಾರಂ ಕೋರ್ಟ್‌ನಿಂದ ಉಚಿತ. ಶುಲ್ಕ 5 ಡಾಲರ್, ಅದೂ ಇಲ್ಲದಿದ್ದರೆ ಮಾಫಿ ಕೇಳಬಹುದು. ಎದುರುದಾರ ಜೈಲಿನ ವಾರ್ಡನ್. ದುಡ್ಡಿಗೆ ಸಿಗುವ ರೆಡಿಮೇಡ್ ಅರ್ಜಿಗಳನ್ನು ಮುಟ್ಟಬೇಡಿ: ಹಳೆಯ ತೀರ್ಪುಗಳು ರಾಶಿ ರಾಶಿ, ನಿಮ್ಮ ಕೇಸಿನ ಸಂಗತಿ ಒಂದೂ ಇಲ್ಲ. ಯಾರು, ಯಾವತ್ತು, ಏನು ಮಾಡಿದರು ಎಂದು ಬರೆಯಿರಿ. ನಿಲ್ಲುವ ಆಕ್ಷೇಪ ಒಂದನ್ನೂ ಬಿಡಬೇಡಿ, ಎರಡನೇ ಅರ್ಜಿಗೆ ಫೆಡರಲ್ ಮೇಲ್ಮನವಿ ಕೋರ್ಟ್‌ನ ಅನುಮತಿ ಬೇಕು. ಅದು ಸಿಗುವುದು ಕಷ್ಟ.

ಕೊನೆಗೆ ಅಂಚೆ. ಜೈಲಿನ ಕಾನೂನು ಟಪಾಲಿಗೇ (ಕೋರ್ಟ್ ಕಾಗದಪತ್ರಕ್ಕೆಂದು ಜೈಲಿನಲ್ಲಿರುವ ಅಂಚೆ ವ್ಯವಸ್ಥೆಗೇ) ಕೊಡಿ. ಸಿಬ್ಬಂದಿ ಕೈಗೆ ಕೊಟ್ಟ ದಿನವೇ ಸಲ್ಲಿಸಿದ ದಿನ. ಆ ತಾರೀಖನ್ನೂ ಅಂಚೆ ವೆಚ್ಚ ಕಟ್ಟಿರುವುದನ್ನೂ ಅರ್ಜಿಯಲ್ಲೇ ಬರೆದು ಸಹಿ ಹಾಕಿ.