ಬೇಸಿಗೆ ಟಾಪ್ ಹೆಣೆಯೋರು ಮೊದಲು ಸ್ಯಾಂಪಲ್ ಒಗೆದು ನೋಡಿ

ಕಾಟನ್ ಅಥವಾ ಲಿನನ್ ನೂಲಿನಲ್ಲಿ ಟಾಪ್ ಹೆಣೆಯೋಕೆ ಹೊರಟಿದ್ದೀರಾ? ಮೊದಲು 15 ಸೆಂ.ಮೀ. ಚೌಕದ ಒಂದು ಸ್ಯಾಂಪಲ್ ಹೆಣೆದು, ಮುಂದೆ ಟಾಪನ್ನು ಹೇಗೆ ಒಗೀತೀರೋ ಹಾಗೇ ಒಗೆದು ಒಣಗಿಸಿ, ಆಮೇಲೆ 10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಬಂದಿದೆ ಅಂತ ಎಣಿಸಿ. ನಡುಭಾಗದಲ್ಲೇ ಎಣಿಸಿ, ಅಂಚು ಸುರುಳಿ ಸುತ್ತಿಕೊಂಡು ಲೆಕ್ಕ ತಪ್ಪಿಸುತ್ತದೆ. ಪ್ಯಾಟರ್ನ್‌ನಲ್ಲಿ 22 ಇದ್ದು ನಿಮಗೆ 20 ಬಂದರೆ, ಎರಡೇ ತಾನೇ ಅನ್ನಿಸಬಹುದು. ಆದರೆ ಸುತ್ತಲೂ 200 ಸ್ಟಿಚ್ ಇರುವ ಟಾಪ್ 91 ಸೆಂ.ಮೀ. ಬದಲು 100 ಆಗಿಬಿಡುತ್ತದೆ! ಸುಮ್ನೆ ಮುಂದುವರಿಸಬೇಡಿ, ಒಂದು ಸೈಜ್ ಸಣ್ಣ ಕಡ್ಡಿ ತಗೊಂಡು ಇನ್ನೊಂದು ಸ್ಯಾಂಪಲ್ ಹೆಣೆಯಿರಿ.

ಕಾಟನ್ ಉಣ್ಣೆಯ ಹಾಗಲ್ಲ, ಹಿಗ್ಗಿದರೆ ಸುಲಭಕ್ಕೆ ವಾಪಸ್ ಬರಲ್ಲ, ತನ್ನ ಭಾರಕ್ಕೇ ಜೋತು ಬೀಳುತ್ತದೆ. ಅದಕ್ಕೇ ಸ್ಯಾಂಪಲ್ ಕೆಳಗೆ ಒಂದೆರಡು ಬಟ್ಟೆ ಕ್ಲಿಪ್ ಸಿಕ್ಕಿಸಿ ರಾತ್ರಿಯಿಡೀ ನೇತುಹಾಕಿ, ಎಷ್ಟು ಉದ್ದ ಆಗುತ್ತೆ ಅಂತ ಗೊತ್ತಾಗುತ್ತದೆ. ಎದೆಯ ಅಳತೆಗಿಂತ 5ರಿಂದ 8 ಸೆಂ.ಮೀ. ಜಾಸ್ತಿ ಇಟ್ಟರೆ ಗಾಳಿಯಾಡುತ್ತದೆ. ಭುಜ ಮಾತ್ರ ಸಡಿಲ ಬಿಡಬೇಡಿ, ಇಡೀ ಟಾಪ್ ನಿಲ್ಲೋದು ಅಲ್ಲೇ ಅಲ್ವಾ. ಮೇಲಿನಿಂದ ಕೆಳಕ್ಕೆ ಹೆಣೆಯುವ ಪ್ಯಾಟರ್ನ್ ಸಿಕ್ಕರೆ ಇನ್ನೂ ಒಳ್ಳೇದು, ನಡುನಡುವೆ ಹಾಕ್ಕೊಂಡು ನೋಡಿ ಉದ್ದ ತೀರ್ಮಾನಿಸಬಹುದು.