ತೋಟದ ದಾರಿಗೆ ಬೇಲಿ ಬಿದ್ದಾಗ: ಕಾಸರಗೋಡಿನವರು ಮುನ್ಸಿಫ್ ಕೋರ್ಟಿಗೆ ಹೋಗುವ ಕ್ರಮ

ತೋಟಕ್ಕೆ ಹೋಗುವ ಹಳೆಯ ದಾರಿಗೆ ನೆರೆಯವರು ಬೇಲಿ ಹಾಕಿದರೆ ಅದನ್ನು ಕಿತ್ತು ಬಿಸಾಡಬೇಡಿ. ಕಿತ್ತರೆ ನಿಮ್ಮ ಮೇಲೆಯೇ ಕೇಸು ಬೀಳಬಹುದು. ದಾರಿ ಯಾರದ್ದೆಂದು ಪೊಲೀಸರು ತೀರ್ಮಾನಿಸುವಂತಿಲ್ಲ. ಅದು ಕಾಸರಗೋಡು ಅಥವಾ ಹೊಸದುರ್ಗದ ಮುನ್ಸಿಫ್ ಕೋರ್ಟಿನ (ಕೆಳಹಂತದ ಸಿವಿಲ್ ಕೋರ್ಟಿನ) ಕೆಲಸ. ಅಂದೇ ದಾರಿಯ ಎರಡೂ ತುದಿಯಿಂದ ಫೋಟೋ ತೆಗೆದಿಡಿ.

ವಕೀಲರಲ್ಲಿಗೆ ಆಧಾರ (ಜಾಗದ ನೋಂದಣಿ ಪತ್ರ), ಪಾಲುಪಟ್ಟಿ, ತೀರ್ವೆ (ಭೂಕಂದಾಯ) ರಶೀದಿ ಒಯ್ಯಿರಿ. 1956ಕ್ಕೆ ಮೊದಲು ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದುದರಿಂದ ಹಳೆಯ ಪತ್ರಗಳು ಹೆಚ್ಚಾಗಿ ಕನ್ನಡದಲ್ಲಿರುತ್ತವೆ. ನ್ಯಾಯಾಧೀಶರಿಗೆ ಕನ್ನಡ ಬಾರದಿರಬಹುದು. ಚತುಸ್ಸೀಮೆಯ (ಜಾಗದ ನಾಲ್ಕು ಗಡಿಗಳ ವಿವರದ) ಒಂದು ಪದವೂ ತಪ್ಪದಂತೆ ಅನುವಾದ ಮಾಡಿಸಿ ಜೊತೆಗಿಡಿ.

ಹಲವು ದಾವೆಗಳು ಸೋಲುವುದು ಯಾವ ಹಕ್ಕು ಎಂಬುದು ಸ್ಪಷ್ಟವಿಲ್ಲದೆ. ದಾರಿಯ ಜಾಗ ನಿಮ್ಮದೇ ಆದರೆ ಒಡೆತನ ಕೇಳಿ. ನೆರೆಯವರ ಜಾಗವಾದರೆ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದೇ ನಡೆದದ್ದನ್ನು ಸಾಕ್ಷಿ ಸಮೇತ ತೋರಿಸಬೇಕು. ಸ್ವಂತ ಜಾಗದ ಮೇಲೆ ದಾರಿಹಕ್ಕು ಎಂಬುದಿಲ್ಲ; ಎರಡನ್ನೂ ಒಟ್ಟಿಗೆ ಹೇಳಿದರೆ ಎರಡೂ ಸಡಿಲಾಗುತ್ತವೆ. "ಅವರ ಅಜ್ಜ ದೊಡ್ಡ ಮನಸ್ಸಿನಿಂದ ಬಿಟ್ಟದ್ದು" ಎಂದು ಸಾಕ್ಷಿಕಟ್ಟೆಯಲ್ಲಿ ಹೇಳಿದಿರೋ, ಅದು ಬರೀ ಅನುಮತಿಯಾಯಿತು, 20 ವರ್ಷದ ವಾದ ಮುಗಿಯಿತು. ದಾರಿಗೆ ಬೇಲಿ ಹಾಕಿದ ಮೇಲೆ ಎರಡು ವರ್ಷದೊಳಗೆ ದಾವೆ ಹೂಡದಿದ್ದರೂ ಈ ವಾದ ಉಳಿಯುವುದಿಲ್ಲ. ಪಾಲಾದ ಮೇಲೆ ನಿಮ್ಮ ಭಾಗಕ್ಕೆ ಬೇರೆ ದಾರಿಯೇ ಇಲ್ಲದಿದ್ದರೆ 20 ವರ್ಷ ಬೇಡ, ಪಾಲುಪಟ್ಟಿಯೇ ಮುಖ್ಯ.

ದಾವೆಯ ಷೆಡ್ಯೂಲಿನಲ್ಲಿ (ಜಾಗದ ವಿವರ ಬರೆಯುವ ಭಾಗದಲ್ಲಿ) ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಎಷ್ಟು ಅಗಲ, ಯಾವ ಸರ್ವೆ ನಂಬರು ಎಂದು ಬರೆಯಿಸಿ. ಅಗಲ ಹೇಳದ ತೀರ್ಪು ಸಿಕ್ಕಿದರೂ ಜಾರಿ ಮಾಡುವಾಗ ಮತ್ತೆ ಜಗಳ. ದಾರಿ ಆಗಲೇ ಮುಚ್ಚಿದ್ದರೆ ತಡೆಯಾಜ್ಞೆ ಮಾತ್ರ ಸಾಲದು, ಬೇಲಿ ತೆಗೆಸುವ ಆಜ್ಞೆಯನ್ನೂ ಕೇಳಬೇಕು.

ದಾವೆಯ ಜೊತೆಗೇ ಕಮಿಷನ್ ಅರ್ಜಿ ಹಾಕಿ. ಕೋರ್ಟು ನೇಮಿಸಿದ ವಕೀಲರು (ಕಮಿಷನರು) ಸ್ಥಳ ನೋಡಿ ವರದಿ ಕೊಡುತ್ತಾರೆ. ಅಳತೆಗೆ ಸರ್ವೆಯರೂ ಬರಲಿ ಎಂದು ಕೇಳಿಕೊಳ್ಳಿ. ಮಳೆ ಹಿಡಿಯುವ ಮೊದಲೇ ಇದು ಆಗಬೇಕು. ಒಂದು ಮಳೆಗಾಲ ಕಳೆದರೆ ಬೇಲಿಕಂಬದ ಹೊಸ ಗುಂಡಿಯ ಮಣ್ಣೂ ಹಳೆಯದಾಗಿ, ಕಾಲುದಾರಿ ಹುಲ್ಲಿನಡಿ ಮಾಯವಾಗುತ್ತದೆ. ವರದಿ ತಪ್ಪಾಗಿದ್ದರೆ ಆಕ್ಷೇಪ ಲಿಖಿತವಾಗಿ ಸಲ್ಲಿಸಿ.

ಎದುರಾಳಿಯನ್ನು ಕೇಳದೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿದರೆ ದಾವೆ, ಅಫಿದವಿತ್ (ಪ್ರಮಾಣ ಮಾಡಿದ ಹೇಳಿಕೆ), ದಾಖಲೆಗಳ ಪ್ರತಿಯನ್ನು ಅವರಿಗೆ ಕೂಡಲೇ ಕಳಿಸಿ, ಕಳಿಸಿದ್ದಕ್ಕೆ ಅಂದೇ ಅಥವಾ ಮರುದಿನ ಅಫಿದವಿತ್ ಕೊಡಬೇಕು. ಇದನ್ನು ಮರೆತರೆ ಆಜ್ಞೆಯೇ ರದ್ದಾಗಬಹುದು.

ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟು ಫೀಸು ಹಿಂದೆ ಬರುತ್ತದೆ, ಆದರೆ ಅಪೀಲಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ದಾರಿಯ ಅಗಲವೂ ಕಮಿಷನರ ನಕ್ಷೆಯೂ ರಾಜಿಪತ್ರದಲ್ಲಿ ಇವೆಯೇ ಎಂದು ನೋಡಿಕೊಳ್ಳಿ.