ಸಾಕ್ಸ್ ಮೇಲೆ ಸಾಕ್ಸ್ ಹಾಕಿ ಸೋತ ಮೇಲೆ

ಯಾರಾದರೂ ನನ್ನ ಕೈ ಹಿಡಿದರೆ ಸಾಕು, 'ಅಯ್ಯೋ, ಏನ್ರೀ ಇದು, ಫ್ರಿಜ್ಜಿಂದ ತೆಗೆದ ಹಾಗಿದೆ!' ಅನ್ನುತ್ತಾರೆ. ಚಿಕ್ಕಂದಿನಿಂದಲೂ ನನ್ನ ಕೈಕಾಲು ಹೀಗೇ. ನಮ್ಮನೆಯವರು ಪೂರ್ತಿ ಉಲ್ಟಾ. ನಾನು ಹೊದ್ದು ಮುದುಡಿಕೊಂಡಿರುವ ಹೊತ್ತಿಗೆ ಅವರಿಗೆ ಸೆಕೆ, ಫ್ಯಾನ್ ಬೇಕು. ಆ ಫ್ಯಾನಿನ ಸ್ವಿಚ್ಚಿಗಾಗಿ ನಾವು ಆಡಿದ ಜಗಳಕ್ಕೆ ಲೆಕ್ಕವಿಲ್ಲ.

ಬಹಳ ವರ್ಷ ನನಗೆ ಗೊತ್ತಿದ್ದ ಉಪಾಯ ಒಂದೇ. ಕೈ ತಣ್ಣಗಾದರೆ ಗ್ಲೌಸ್, ಕಾಲು ತಣ್ಣಗಾದರೆ ಸಾಕ್ಸ್. ಸಾಲದಿದ್ದರೆ ಮೇಲೆ ಇನ್ನೊಂದು ಜೊತೆ. ಎರಡು ಜೊತೆ ಹಾಕಿ ಶೂ ಒಳಗೆ ಕಾಲು ತುರುಕಿದರೆ ಬೆಚ್ಚಗಾಗುವ ಬದಲು ಬೆರಳು ಮರಗಟ್ಟುತ್ತಿತ್ತು. ಆಗೋದೇ ಅಲ್ವಾ? ಬಿಗಿಯಾದರೆ ರಕ್ತ ಸರಿಯಾಗಿ ಓಡಾಡುವುದಿಲ್ಲ, ಶಾಖ ಹಿಡಿದಿಡುವ ಗಾಳಿಗೂ ಒಳಗೆ ಜಾಗ ಇರುವುದಿಲ್ಲ.

ವಿಷಯ ಅರ್ಥವಾಗಿದ್ದು ಡಾಕ್ಟರ್ ಹತ್ತಿರ ಹೋದಾಗ. ದೇಹಕ್ಕೆ ಒಳಗಿನ ಅಂಗಾಂಗಗಳನ್ನು ಸುಮಾರು 37 ಡಿಗ್ರಿಯಲ್ಲಿ ಇಟ್ಟುಕೊಳ್ಳುವುದೇ ಮುಖ್ಯ. ಚಳಿ ತಾಗಿದ ಕೂಡಲೇ ಅದು ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ನೀರು ಕಡಿಮೆ ಬಂದ ದಿನ ನಾವು ಹಿತ್ತಲಿನ ನಲ್ಲಿ ಮೊದಲು ನಿಲ್ಲಿಸುತ್ತೇವಲ್ಲ, ಹಾಗೆ. ಗ್ಲೌಸ್ ತಾನಾಗಿ ಶಾಖ ಹುಟ್ಟಿಸುವುದಿಲ್ಲ, ಬಂದದ್ದನ್ನು ಕಾಯುತ್ತದೆ ಅಷ್ಟೇ. ಬಿಸಿ ರಕ್ತವೇ ಬರದಿದ್ದರೆ ಅದು ಏನನ್ನು ಕಾಯಬೇಕು?

ಅಂದಿನಿಂದ ಕೈ ಬಿಟ್ಟು ಎದೆ, ಬೆನ್ನು, ಕುತ್ತಿಗೆ ಹಿಡಿದುಕೊಂಡೆ. ಕೆಲಸಕ್ಕೆ ಕೂರುವ ಮೊದಲೇ ತೋಳಿಲ್ಲದ ಸ್ವೆಟರ್, ಕುತ್ತಿಗೆಗೆ ಒಂದು ಬಟ್ಟೆ. 'ಮೊದಲೇ' ಅನ್ನುವುದು ಮುಖ್ಯ. ಮುಂಚೆ ಬೆರಳು ಕೊರೆಯಲು ಶುರುವಾದ ಮೇಲೆ ಸ್ವೆಟರ್ ಹುಡುಕುತ್ತಿದ್ದೆ. ಅಷ್ಟರಲ್ಲಿ ನಲ್ಲಿ ನಿಂತುಹೋಗಿರುತ್ತದೆ, ಮತ್ತೆ ತೆರೆಯಲು ಅದಕ್ಕೆ ಅದರದೇ ಹೊತ್ತು ಬೇಕು. ತೀರಾ ಮರಗಟ್ಟಿದರೆ ಎದ್ದು ನಿಂತು ತೋಳನ್ನು ಭುಜದಿಂದ ಗಿರಗಿರ ತಿರುಗಿಸುತ್ತೇನೆ. ರಕ್ತ ಬೆರಳ ತುದಿಗೆ ನುಗ್ಗುತ್ತದೆ, ಜುಮ್ ಅನ್ನುತ್ತದೆ. ನೋಡಿದವರು ನಗುತ್ತಾರೆ, ನಗಲಿ.

ಕಾಲಿನ ಕಥೆಯಲ್ಲಿ ಇನ್ನೊಬ್ಬ ಕಳ್ಳ ಇದ್ದ, ಬೆವರು. ಒಂದು ದಿನ ಮಧ್ಯಾಹ್ನ ಸುಮ್ನೆ ಶೂ ಬಿಚ್ಚಿ ಸಾಕ್ಸ್ ಮುಟ್ಟಿ ನೋಡಿದೆ. ಬೆರಳುಗಳ ಕಡೆ ಪೂರ್ತಿ ಒದ್ದೆ! ಹತ್ತಿ ಬಟ್ಟೆ ನೀರು ಹೀರಿಕೊಂಡು ಹಾಗೇ ಇಟ್ಟುಕೊಳ್ಳುತ್ತದೆ, ಒದ್ದೆ ಬಟ್ಟೆ ಶಾಖವನ್ನು ಬೇಗ ಕಳೆಯುತ್ತದೆ. ಈಗ ಸಡಿಲವಾದ ಉಣ್ಣೆ ಸಾಕ್ಸ್ ಒಂದೇ ಜೊತೆ, ಚೀಲದಲ್ಲಿ ಇನ್ನೊಂದು ಒಣ ಜೊತೆ.

ಅಂದಹಾಗೆ, ಡಾಕ್ಟರ್ ಅವತ್ತೇ ರಕ್ತ ಪರೀಕ್ಷೆ ಮಾಡಿಸಿದ್ದರು. ಥೈರಾಯ್ಡ್ ಸರಿಯಿತ್ತು, ಕಬ್ಬಿಣದ ಅಂಶ ಕಡಿಮೆ ಇತ್ತು. ಮಾತ್ರೆ ತಗೊಂಡ ಮೇಲೆ ಸ್ವಲ್ಪ ವಾಸಿ. ಬೆರಳು ಬಿಳಿಚಿಕೊಂಡು, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗುತ್ತದೆಯಾ ಅಂತಲೂ ಕೇಳಿದ್ದರು. ಅದು ರೇನೋ ಅನ್ನುವ ಬೇರೆಯೇ ತೊಂದರೆ. ಮೋರಿಸ್ ರೇನೋ ಅನ್ನುವ ಫ್ರೆಂಚ್ ವೈದ್ಯರು 1862ರಲ್ಲಿ ಅದನ್ನು ವಿವರಿಸಿದ್ದರಂತೆ. ನಿಮಗೆ ಹಾಗಾಗುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತೋರಿಸಿ.

ರಾತ್ರಿ ಮಲಗುವ ಮುಂಚೆ ಹಾಸಿಗೆಯ ಕಾಲಿನ ಕಡೆ ಬಿಸಿನೀರಿನ ಬ್ಯಾಗ್ ಇಟ್ಟು, ಮಲಗುವಾಗ ತೆಗೆದುಬಿಡುತ್ತೇನೆ. ಒಮ್ಮೆ ಪಾದಕ್ಕೆ ತಾಗಿಸಿಕೊಂಡೇ ನಿದ್ದೆ ಹೋಗಿ ಬೊಬ್ಬೆ ಬಂದಿತ್ತು, ಅದಕ್ಕೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಆ ಬ್ಯಾಗಿನ ಸಹವಾಸಕ್ಕೇ ಹೋಗಬಾರದು. ಪಾದ ಬೆಚ್ಚಗಿದ್ದರೆ ನಿದ್ದೆ ಬೇಗ ಬರುತ್ತದೆ ಅಂತ 1999ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರೂ ಹೇಳಿದ್ದಾರೆ. ನನಗಂತೂ ನಿಜ.

ಇನ್ನು ಆಫೀಸಿನ ಎಸಿ. ಅಲ್ಲಿ ಎಲ್ಲರಿಗೂ ಒಪ್ಪುವ ನಂಬರ್ ಅಂತ ಒಂದಿದೆ ಅಂದುಕೊಂಡಿದ್ದೆ. ಇಲ್ಲವಂತೆ. ಕೋಣೆಯ ಬಿಸಿ-ತಂಪು ಎಷ್ಟು ಜನರಿಗೆ ಹಿತ ಅಂತ ಡೆನ್ಮಾರ್ಕಿನ ಸಂಶೋಧಕ ಫ್ಯಾಂಗರ್ 1970ರಲ್ಲಿ ಮಾಡಿದ ಲೆಕ್ಕದಲ್ಲೂ, ಎಷ್ಟೇ ಸರಿಹೊಂದಿಸಿದರೂ ಕಡೇಪಕ್ಷ 100ಕ್ಕೆ 5 ಜನರಿಗೆ ಸಮಾಧಾನ ಇರುವುದಿಲ್ಲ. ಇದು ಓದಿದ ಮೇಲೆ ರಿಮೋಟಿಗಾಗಿ ಹೋರಾಡುವುದು ಬಿಟ್ಟು, ಗಾಳಿ ನೇರ ಬೀಳದ ಜಾಗ ಕೇಳಿ ತಗೊಂಡೆ.

ಮನೆಯಲ್ಲೂ ಅಷ್ಟೇ. ಇಡೀ ಕೋಣೆ ಬಿಸಿ ಮಾಡುವುದಕ್ಕಿಂತ ನಾನೊಬ್ಬಳು ಬೆಚ್ಚಗಾಗುವುದು ಸುಲಭ. ನಮಗಿಬ್ಬರಿಗೂ ಈಗ ಬೇರೆ ಬೇರೆ ಹೊದಿಕೆ, ಟೇಬಲ್ ಫ್ಯಾನ್ ಅವರ ಕಡೆಗೆ. ಬ್ಯಾಗ್ ಇಡಲು ಮರೆತ ರಾತ್ರಿ ನನ್ನ ಪಾದ ತಾಗಿದರೆ ಮಾತ್ರ ಈಗಲೂ ಕಿಟಾರನೆ ಕಿರುಚುತ್ತಾರೆ.